ಎದುರಿಗೆ ಬರುವವರ ಕರ್ತವ್ಯಗಳು

ಶಿರಾಡಿ ಘಾಟಿಯಲ್ಲಿ ಓವರ್‌ಟೇಕ್ ಮಾಡಲು ಬೇಕಾದದ್ದು ಎರಡೇ. ಒಂದು, ಗಟ್ಟಿ ಹಾರ್ನ್. ಇನ್ನೊಂದು, ಎದುರಿಗೆ ಬರುವವನ ಒಳ್ಳೆಯ ಬುದ್ಧಿ. ಹಾರ್ನ್ ನಮ್ಮ ಗಾಡಿಯಲ್ಲೇ ಇದೆ. ಬುದ್ಧಿಯನ್ನು ಅವನು ಮನೆಯಿಂದಲೇ ತರಬೇಕು.

ಇನ್ನೂ ಅಗಲವಾಗದ ಒಂದು ತಿರುವು. ಮಂಗಳೂರು ಕಡೆಯಿಂದ ಏದುಸಿರು ಬಿಡುತ್ತಾ ಏರುತ್ತಿರುವ ಗ್ಯಾಸ್ ಟ್ಯಾಂಕರ್. ಅದರ ಬಾಲಕ್ಕೊಂದು ಬಿಳಿ ಕಾರು. ನಡುವೆ ಜೋಡಿ ಹಳದಿ ಗೆರೆ. ದಾಟಬೇಡಿ ಎಂದು ಎಳೆದದ್ದು, ನಮ್ಮವರಿಗೆ ಅದು ಹಬ್ಬದ ರಂಗೋಲಿ. ಟ್ಯಾಂಕರಿನವನು ಬಲಗಡೆ ಇಂಡಿಕೇಟರ್ ಹಾಕುತ್ತಾನೆ. ‘ನಾನೇ ಬಲಕ್ಕೆ ಬರ್ತಿದ್ದೇನೆ, ತಡಿ’ ಎಂದೂ ಆಗಬಹುದು, ‘ಮುಂದೆ ಖಾಲಿ ಇದೆ, ಹೋಗು ಮಾರಾಯ’ ಎಂದೂ ಆಗಬಹುದು. ಯಾವುದೆಂದು ಗೊತ್ತಾಗುವುದು ನುಗ್ಗಿದ ಮೇಲೆ. ಅಷ್ಟರಲ್ಲಿ ಡ್ರೈವರ್ ಕೈ ಕಿಟಕಿಯಿಂದ ಹೊರಗೆ ಬರುತ್ತದೆ. ಹೋಗು ಎನ್ನುವುದಕ್ಕೋ, ಬೀಡಿಯ ಬೂದಿ ಕೊಡವುವುದಕ್ಕೋ!

ಕಾರು ನುಗ್ಗುತ್ತದೆ. ಎದುರಿಗೆ ಕೆಂಪು ಬಸ್ಸು. ಕಾರಿನವನು ಹೆಡ್‌ಲೈಟ್ ಮಿಣುಕಿಸುತ್ತಾನೆ. ‘ನಿನ್ನ ಜಾಗದಲ್ಲಿ ನಾನಿದ್ದೇನೆ, ನೀನು ಚರಂಡಿ ನೋಡ್ಕೋ’ ಎಂದರ್ಥ. ಬಸ್ಸು ಮಣ್ಣಿಗೆ ಇಳಿಯುತ್ತದೆ. ದಾಟುವಾಗ ಕಾರಿನವನು ಕೆಕ್ಕರಿಸಿ ನೋಡುತ್ತಾನೆ: ‘ಇವ್ರಿಗೆಲ್ಲ ಯಾರ್ರೀ ಲೈಸೆನ್ಸ್ ಕೊಟ್ಟಿದ್ದು?’ ಇಷ್ಟೊಂದು ಅರ್ಜೆಂಟಿನವನು ಘಾಟಿ ಮುಗಿಯುವ ದೋಣಿಗಲ್ ದಾಟಿದ ಮೇಲೆ ಗಾಡಿ ನಿಲ್ಲಿಸಿ ಅರ್ಧ ಗಂಟೆ ಟೀ ಕುಡಿಯುತ್ತಾನೆ. ಟ್ಯಾಂಕರ್ ತನ್ನ ಪಾಡಿಗೆ ಮುಂದೆ ಹೋಗುತ್ತದೆ.

ಅತ್ತ ನವಮಂಗಳೂರು ಬಂದರಿರುವ ಪಣಂಬೂರಿನಾಚೆಯ ಸಮುದ್ರದಲ್ಲಿ ಗೆರೆಯಿಲ್ಲ, ಹಂಪ್ ಇಲ್ಲ, ಟ್ರಾಫಿಕ್ ಪೊಲೀಸರೂ ಇಲ್ಲ. ಆದರೂ ಹಡಗಿನವರು ಡಿಕ್ಕಿ ತಪ್ಪಿಸುವ 1972ರ ಅಂತಾರಾಷ್ಟ್ರೀಯ ನಿಯಮಗಳನ್ನು ಹಿಡಿದುಕೊಂಡು ಕೂತಿದ್ದಾರೆ. ಅದರ 13ನೇ ನಿಯಮದ ಪ್ರಕಾರ, ಹಿಂದಿನಿಂದ ಬಂದು ದಾಟುವವನೇ ಸರಿದುಕೊಂಡು ಹೋಗಬೇಕು. ಪೂರ್ತಿ ದಾಟಿ ದೂರವಾಗುವ ತನಕ ಹೊಣೆ ಅವನದೇ. ನಾನು ಓವರ್‌ಟೇಕ್ ಮಾಡ್ತಿದ್ದೇನಾ, ಇಲ್ವಾ ಎಂದು ಅನುಮಾನ ಬಂದರೆ, ಮಾಡ್ತಿದ್ದೇನೆ ಅಂತಲೇ ತಿಳಿದುಕೊಳ್ಳಬೇಕಂತೆ! ನಮಗೆ ಅನುಮಾನ ಬಂದರೆ ಆಕ್ಸಿಲರೇಟರ್ ಇದೆ.

ಇಕ್ಕಟ್ಟಾದ ಕಡೆ ಮುಂದಿನ ಹಡಗಿನವನು ಜಾಗ ಬಿಡದೆ ಆಗುವುದೇ ಇಲ್ಲ ಎಂದಾದರೆ, ಕೇಳಿಯೇ ಹೋಗಬೇಕು. ಬಲಗಡೆಯಿಂದಾದರೆ ಎರಡು ಉದ್ದ ಸಿಳ್ಳೆ, ಒಂದು ಚಿಕ್ಕದು. ಎಡಗಡೆಯಾದರೆ ಎರಡು ಉದ್ದ, ಎರಡು ಚಿಕ್ಕ. ಒಪ್ಪಿಗೆಯಾದರೆ ಮುಂದಿನವನು ಉದ್ದ, ಚಿಕ್ಕ, ಉದ್ದ, ಚಿಕ್ಕ ಎಂದು ಉತ್ತರ ಕೊಡುತ್ತಾನೆ. ಅನುಮಾನವಿದ್ದರೆ ಕಡಿಮೆ ಅಂದರೂ ಐದು ಚಿಕ್ಕ ಸಿಳ್ಳೆ. ಸಾವಿರಾರು ಟನ್ನಿನ ಹಡಗು ಒಪ್ಪಿಗೆ ಸಿಗುವ ತನಕ ಹಿಂದೆಯೇ ಇರುತ್ತದೆ. ಮರ್ಯಾದೆ ಪ್ರಶ್ನೆ ಅಂತ ಯಾರಿಗೂ ಅನ್ನಿಸುವುದಿಲ್ವಾ?

ನಮ್ಮ ಕಾನೂನೂ ಸುಮ್ನೆ ಕೂತಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ನಿಗೆ ಕಾನೂನು ಮೀರಿದ ಓವರ್‌ಟೇಕನ್ನೂ ಸೇರಿಸಿದರು. ಮೊದಲ ಸಲ ಸಿಕ್ಕಿಬಿದ್ದರೆ 1,000ದಿಂದ 5,000 ರೂಪಾಯಿ ದಂಡ, ಜೈಲೂ ಆಗಬಹುದು ಎಂದು ಕಾಯ್ದೆಯಲ್ಲಿದೆ. ಆದರೆ ದಂಡ ಹಾಕುವುದು ತಪ್ಪು ಮನುಷ್ಯನಿಗೆ. ತನ್ನ ಸಾಲಿನಲ್ಲಿ ಸುಮ್ಮನೆ ಬರುತ್ತಿದ್ದವನಿಂದ ವಸೂಲಿ ಮಾಡಲಿ. ಅವನು ಎದುರಿಗೆ ಬಂದದ್ದಕ್ಕೇ ಅಲ್ವಾ ಇಷ್ಟೆಲ್ಲ ರಗಳೆ? ಡಿಎಲ್ ಟೆಸ್ಟಿನಲ್ಲೂ ‘ಎಂಟು’ ಹೊಡೆಸುವುದನ್ನು ಬಿಟ್ಟು, ಹಾರ್ನ್ ಕೇಳಿದ ಕೂಡಲೇ ಚರಂಡಿಗೆ ಇಳಿಯುವುದನ್ನು ಮಾಡಿಸಲಿ. ಇಳಿಯುವಾಗ ಇಂಡಿಕೇಟರ್ ಹಾಕಿದವರಿಗೆ ಐದು ಮಾರ್ಕ್ಸ್ ಜಾಸ್ತಿ ಕೊಡಲಿ.