ಎರಡನೇ ಗೇರಿಗೆ ಇನ್ನೂ ಬೆಳಗಾಗಿಲ್ಲ

ನಮ್ಮ ಪುತ್ತೂರಿನ ಕಡೆ ಗೇರು ಅಂದರೆ ತಿನ್ನುವ ವಸ್ತು. ಬೇಸಗೆ ರಜೆಯಲ್ಲಿ ಗುಡ್ಡೆಗೆ ಹೋಗಿ, ಹಣ್ಣು ಹಿಂಡಿ ರಸ ಕುಡಿದು, ಗಂಟಲು ಕೆರೆಸಿಕೊಂಡು, ಅಂಗಿಗೆಲ್ಲ ಕಲೆ ಮಾಡಿಕೊಂಡು ಬಂದು ಅಮ್ಮನಿಂದ ಬೈಸಿಕೊಳ್ಳುವುದು ಅಂತಲೂ ಅರ್ಥ. ಅದರ ಸಂಶೋಧನೆಗೆಂದೇ ಕೇಂದ್ರ ಸರ್ಕಾರದ ಒಂದು ಸಂಸ್ಥೆ 1986ರಿಂದ ನಮ್ಮೂರಲ್ಲಿದೆ. ನಾನು ಈಗಿರುವ ಮಿಶಿಗನ್ನಿನಲ್ಲಿ ಗೇರು ಅಂದರೆ ಬೇರೆ. ಕಾರುಗಳ ಊರಾದ ಡೆಟ್ರಾಯಿಟಿನ ಸುತ್ತಮುತ್ತ ಅದರ ಸಂಶೋಧನೆ ಮಾಡುವ ಎಂಜಿನಿಯರುಗಳಿಗೆ ಲೆಕ್ಕವಿಲ್ಲ. ನನ್ನ ಸಂಶೋಧನೆಯ ವ್ಯಾಪ್ತಿ ಚಿಕ್ಕದು: ನವೆಂಬರ್ ತಿಂಗಳು, ಬೆಳಿಗ್ಗೆ ಏಳು ಗಂಟೆ, ಎರಡನೇ ಗೇರು.

ಕಾರು ಹಳೆಯದು. ಎರಡೇ ಸೀಟು, ಬಟ್ಟೆಯ ಮಾಡು, ಐದು ಗೇರು. ಸ್ಪೋರ್ಟ್ಸ್ ಕಾರು ಅಂತ ಕರೆಯುತ್ತಾರೆ. ಐವತ್ತು ದಾಟಿದವನು ಅದರೊಳಗೆ ಇಳಿದು ಕೂರುವುದು, ಮತ್ತೆ ಎದ್ದು ಹೊರಗೆ ಬರುವುದು, ಇವೆರಡೇ ಸಾಕು ಆ ಹೆಸರಿಗೆ. ಕಂಪನಿ ಯಾವುದು ಅಂತ ಹೇಳುವುದಿಲ್ಲ. ಮನೆ ಮಗುವಿನ ಹಟವನ್ನು ಬೀದಿಯಲ್ಲಿ ಹೇಳಿಕೊಂಡು ತಿರುಗಬಾರದು.

ಹಟ ಇಷ್ಟೇ. ಹೊರಗೆ ಸೊನ್ನೆಗಿಂತ ಮೂರು ಡಿಗ್ರಿ ಕೆಳಗೆ. ಕ್ಲಚ್ ತುಳಿದು ಒಂದನೇ ಗೇರು ಹಾಕಿದರೆ ಗೊಣಗಿಕೊಂಡು ಬೀಳುತ್ತದೆ. ಕಾರು ಅಂಗಳ ದಾಟಿ ರಸ್ತೆಗಿಳಿಯುತ್ತದೆ. ಎಂಜಿನ್ನು ಸ್ವಲ್ಪ ಏರುದನಿ ತೆಗೆದಾಗ ಕ್ಲಚ್ ತುಳಿದು ಗೇರಿನ ಕೋಲನ್ನು ನೇರ ನನ್ನ ಕಡೆಗೆ ಎಳೆಯುತ್ತೇನೆ. ಅದು ನಡುವಿನವರೆಗೆ ಬಂದು ನಿಲ್ಲುತ್ತದೆ. ಗೋಡೆಗೆ ತಾಗಿದ ಹಾಗಲ್ಲ, ಆರಿದ ಹಲ್ವದ ತಟ್ಟೆಗೆ ಚಮಚ ಹಾಕಿದ ಹಾಗೆ. ಒತ್ತಿದರೆ ಸ್ವಲ್ಪ ಬಾಗುತ್ತದೆ, ಒಳಗೆ ಹೋಗುವುದಿಲ್ಲ. ಇನ್ನೂ ಒತ್ತಿದೆನೋ, ಕರ್ರ್ ಅನ್ನುತ್ತದೆ. ಆ ಸದ್ದು ಕಿವಿಗೆ ಬರುವ ಮೊದಲು ಅಂಗೈಗೆ ಬರುತ್ತದೆ, ಅಂಗೈಯಿಂದ ನೇರ ದವಡೆಗೆ. ಚಳಿಗೆ ಹಲ್ಲು ಕಡಿಯುವುದು ಮನುಷ್ಯ ಮಾತ್ರ ಅಲ್ಲ ಅಂತ ಆಗ ಗೊತ್ತಾಗುತ್ತದೆ. ಅದೇ ಕಾರು ಹದಿನೈದು ಕಿಲೋಮೀಟರ್ ಓಡಿದ ಮೇಲೆ ಎರಡನೇ ಗೇರಿಗೆ ಬೆರಳ ತುದಿ ತಾಗಿಸಿದರೆ ಸಾಕು, ಬೆಣ್ಣೆಯಿಂದ ಕೂದಲು ಎಳೆದಷ್ಟು ಹಗುರ. ಬೆಳಿಗ್ಗೆ ನಡೆದದ್ದು ಅದಕ್ಕೆ ನೆನಪೇ ಇಲ್ಲ.

ಕಾರಣ ನಮ್ಮ ಬಚ್ಚಲುಮನೆಯ ಕಪಾಟಿನಲ್ಲೇ ಇದೆ. ತೆಂಗಿನೆಣ್ಣೆಯ ಬಾಟಲಿ. ಊರಲ್ಲಿ ಅದು ಧನುರ್ಮಾಸದ ನಾಲ್ಕು ಬೆಳಗು ಕಟ್ಟಿಕೊಂಡರೆ ಹೆಚ್ಚು; ಬಿಸಿಲಿಗಿಟ್ಟರೆ ಹತ್ತು ನಿಮಿಷದಲ್ಲಿ ಕರಗುತ್ತದೆ. ಇಲ್ಲಿ ಅಕ್ಟೋಬರಿನಲ್ಲಿ ಬಿಳಿ ಕಲ್ಲಾದದ್ದು ಮೇ ತಿಂಗಳವರೆಗೆ ಹಾಗೇ. ಚಮಚದ ಹಿಂಬದಿಯಲ್ಲಿ ಕೆರೆದು ತಲೆಗೆ ಹಚ್ಚಿಕೊಳ್ಳಬೇಕು. ಗೇರುಪೆಟ್ಟಿಗೆಯ ಎಣ್ಣೆ ಹೀಗೆ ಕಲ್ಲಾಗುವುದಿಲ್ಲ, ನಿಜ. ಆದರೆ ಜೇನುತುಪ್ಪದ ಹಾಗೆ ಮಂದವಾಗುತ್ತದೆ. ಹೈಸ್ಕೂಲಿನ ವಿಜ್ಞಾನ ಪಾಠದಲ್ಲಿ ಇದಕ್ಕೆ 'ಸ್ನಿಗ್ಧತೆ' ಅಂತ ಹೆಸರು. ಆಗ ಐದು ಅಂಕಕ್ಕೆ ಉರು ಹೊಡೆದಿದ್ದೆ. ಕವಿಗಳು ಸುಂದರಿಯ ನಗೆಗೆ ಬಳಸುವ ಮಾತನ್ನು ಗ್ರೀಸಿನ ಗುಣಕ್ಕೆ ಇಟ್ಟವರು ಯಾರೋ, ಅವರಿಗೆ ರಸಿಕತೆ ಇತ್ತು.

ಎಣ್ಣೆ ಮಂದವಾದರೆ ಗೇರು ಬೀಳಲು ಏನು ಕಷ್ಟ? ಓಡುತ್ತಿರುವ ಬಸ್ಸು ಹತ್ತಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಸ್ಸಿನ ವೇಗಕ್ಕೆ ನಾಲ್ಕು ಹೆಜ್ಜೆ ಓಡಿ ಆಮೇಲೆ ಕಾಲಿಡಬೇಕು. ನಿಂತಲ್ಲಿಂದ ಜಿಗಿದರೆ ಮಂಡಿ ಒಡೆಯುತ್ತದೆ. ಗೇರುಪೆಟ್ಟಿಗೆಯೊಳಗೂ ಇದೇ ಕತೆ. ಒಂದು ಹಲ್ಲಿನ ಚಕ್ರ ಒಂದು ವೇಗದಲ್ಲಿ, ಅದು ಸೇರಬೇಕಾದ ದಂಡ ಇನ್ನೊಂದು ವೇಗದಲ್ಲಿ. ಎರಡನ್ನೂ ಸಮ ಮಾಡಲು ನಡುವೆ ಒಂದು ಹಿತ್ತಾಳೆಯ ಉಂಗುರ, ಸಿಂಕ್ರೊ ಅನ್ನುತ್ತಾರೆ. ಬಾಗಿಲಲ್ಲಿ ನೇತಾಡುತ್ತ ಓಡಿ ಬರುವವನ ಕೈ ಹಿಡಿದು ಒಳಗೆಳೆದುಕೊಳ್ಳುವ ಕಂಡಕ್ಟರು ಅದು. ವೇಗ ಸಮ ಆಗುವವರೆಗೆ ಹತ್ತಬೇಡ ಅಂತ ಅಡ್ಡ ನಿಲ್ಲುವವನೂ ಅವನೇ. ಉಂಗುರದ ಒಳಮೈಯಲ್ಲಿ ಸಣ್ಣ ಸಣ್ಣ ಗೀರುಗಳಿರುತ್ತವೆ. ಅವು ಎಣ್ಣೆಯ ಪದರವನ್ನು ಕೊಯ್ದು, ಲೋಹಕ್ಕೆ ಲೋಹ ತಾಗಿ ಹಿಡಿತ ಸಿಗಬೇಕು. ಚಳಿಯಲ್ಲಿ ಆ ಪದರ ಬೇಗ ಕೊಯ್ಯುವುದಿಲ್ಲ. ಹಲಸಿನ ಹಣ್ಣು ಬಿಡಿಸಲು ಕೈತುಂಬ ಎಣ್ಣೆ ಹಚ್ಚಿಕೊಂಡ ಕಂಡಕ್ಟರು ನಿಮ್ಮ ಕೈ ಹಿಡಿದರೆ ಹೇಗೆ? ಜಾರುತ್ತದೆ. ಜಾರುವಷ್ಟು ಹೊತ್ತು ನೀವು ರಸ್ತೆಯಲ್ಲೇ ಓಡುತ್ತಿರಬೇಕು.

ಎರಡನೆಯದೇ ಯಾಕೆ ಅಂದರೆ, ಲೆಕ್ಕ ಸರಳ. ನನ್ನ ಕಾರಿನಲ್ಲಿ ಒಂದನೇ ಗೇರಿನಲ್ಲಿ ಎಂಜಿನ್ನು ನಿಮಿಷಕ್ಕೆ 4000 ಸುತ್ತು ತಿರುಗುವಾಗ ಎರಡಕ್ಕೆ ಹಾಕಿದರೆ ಅದು ಸುಮಾರು 2400ಕ್ಕೆ ಇಳಿಯಬೇಕು. ನಾಲ್ಕರಿಂದ ಐದಕ್ಕಾದರೆ 3250ಕ್ಕೆ ಇಳಿದರೆ ಸಾಕು. ಎಲ್ಲಕ್ಕಿಂತ ದೊಡ್ಡ ಜಿಗಿತ ಒಂದಕ್ಕೂ ಎರಡಕ್ಕೂ ನಡುವೆ. ಜೊತೆಗೆ ಊರೊಳಗೆ ಎಲ್ಲಕ್ಕಿಂತ ಹೆಚ್ಚು ದುಡಿಯುವುದೂ ಎರಡನೆಯದೇ, ಸವೆಯುವುದೂ ಅದೇ. ಇದು ಬಡವರ ಕಾರಿನ ರೋಗ ಅಂತಲೂ ತಿಳಿಯಬೇಡಿ. ಹಳೆಯ ಫೆರಾರಿಗಳನ್ನು ಇಟ್ಟುಕೊಂಡವರಲ್ಲಿ ಒಂದು ಪಾಠವಿದೆ: ಪೆಟ್ಟಿಗೆ ಬಿಸಿಯಾಗುವವರೆಗೆ ಎರಡನ್ನು ಮುಟ್ಟಬೇಡ, ಒಂದರಿಂದ ಸೀದಾ ಮೂರಕ್ಕೆ ಹಾಕು. ಕೋಟಿ ಬೆಲೆಯ ಕಾರಿನ ಧಣಿಗಳೂ ಬೆಳಿಗ್ಗೆ ಎದ್ದು ಒಂದು ಲೋಹದ ಉಂಗುರದ ಮುಖ ನೋಡಿ ನಡೆದುಕೊಳ್ಳುತ್ತಾರೆ ಅಂತ ಓದಿದ ದಿನ ನನಗೆ ಆದ ಸಮಾಧಾನ ಸಣ್ಣದಲ್ಲ.

ಈ ಸಿಂಕ್ರೊ ಮೊದಲು ಬಂದದ್ದು 1929ರ ಮಾದರಿಯ ಕ್ಯಾಡಿಲಾಕ್ ಕಾರುಗಳಲ್ಲಿ, ಅಂದರೆ ನಮ್ಮ ಡೆಟ್ರಾಯಿಟಿನಲ್ಲೇ. ಅದರ ಹಿಂದಿದ್ದ ಎಂಜಿನಿಯರು ಅರ್ಲ್ ಥಾಂಪ್ಸನ್. ಅದಕ್ಕೂ ಮೊದಲು ಗೇರು ಹಾಕುವುದು ಒಂದು ವಿದ್ಯೆ. ಕಿವಿಯಲ್ಲಿ ಕೇಳಿ, ಕಾಲಲ್ಲಿ ಅಳೆದು ಹಾಕಬೇಕಿತ್ತು. ಥಾಂಪ್ಸನ್ ಜನರ ಕಷ್ಟ ಅರ್ಧ ಕಳೆದ. ಅಲ್ಲಿಗೆ ಬಿಡಲಿಲ್ಲ. ಉಳಿದರ್ಧವನ್ನೂ ಕಳೆಯಲು ಹೊರಟು, 1940ರ ಮಾದರಿಯ ಓಲ್ಡ್ಸ್‌ಮೊಬಿಲ್‌ಗಳಲ್ಲಿ ಬಂದ ಆಟೊಮ್ಯಾಟಿಕ್ ಗೇರಿನ ಹಿಂದೆಯೂ ಅವನೇ ಇದ್ದ. ಗೇರಿನ ಕೋಲಿಗೆ ಎಣ್ಣೆ ಹಚ್ಚಿದವನೇ ಅದಕ್ಕೆ ಎಳ್ಳುನೀರನ್ನೂ ಬಿಟ್ಟ. ಈಗ ಅಮೆರಿಕದಲ್ಲಿ ಮಾರುವ ಹೊಸ ಕಾರುಗಳಲ್ಲಿ ನೂರಕ್ಕೆ ಒಂದೆರಡಕ್ಕೆ ಮಾತ್ರ ಕೈಗೇರು. ನನ್ನ ಮಗಳು ಕಾರಿನೊಳಗೆ ಬಗ್ಗಿ ನೋಡಿ, ಮೂರನೇ ಪೆಡಲ್ ಯಾರಿಗೆ ಅಂತ ಕೇಳಿದ್ದಳು.

ನಡುವೆ ನಾನೊಂದು ಘನಕಾರ್ಯ ಮಾಡಿದೆ. ಎಣ್ಣೆ ಬದಲಿಸಿದರೆ ಸರಿಹೋಗಬಹುದು ಅನ್ನಿಸಿತು. ಕಾರಿನ ಪುಸ್ತಕದಲ್ಲಿ ಎಣ್ಣೆಯ ದರ್ಜೆ ಜಿಎಲ್-4 ಅಂತ ಇತ್ತು, ಅಂಗಡಿಯಲ್ಲಿ ಪಕ್ಕದಲ್ಲೇ ಜಿಎಲ್-5 ಇತ್ತು. ನಾಲ್ಕಕ್ಕಿಂತ ಐದು ದೊಡ್ಡದು ಅಂತ ಬಾಲವಾಡಿಯಲ್ಲಿ ಕಲಿತವನು ನಾನು. ಐದನ್ನೇ ತಂದು ಸುರಿದೆ. ಮರುದಿನ ಎರಡನೇ ಗೇರು ಮುಂಚಿಗಿಂತ ಮುನಿಸಿಕೊಂಡಿತು. ಆಮೇಲೆ ತಿಳಿಯಿತು, ಈ ಐದು ಅನ್ನುವುದು ಹಿಂಚಕ್ರಗಳ ನಡುವೆ ಕೂರುವ ಡಿಫರೆನ್ಷಿಯಲ್ಲಿನ ಹಲ್ಲುಗಳಿಗೆ. ಅಲ್ಲಿ ಜಾರಿದಷ್ಟೂ ಒಳ್ಳೆಯದು. ಹಿಡಿತವೇ ಜೀವನವಾದ ಹಿತ್ತಾಳೆ ಉಂಗುರಕ್ಕೆ ಅದನ್ನು ಹಾಕುವುದೂ ಒಂದೇ, ಕಂಡಕ್ಟರಿನ ಇನ್ನೊಂದು ಕೈಗೂ ಎಣ್ಣೆ ಹಚ್ಚುವುದೂ ಒಂದೇ. ಅದರಲ್ಲಿರುವ ಗಂಧಕದ ಅಂಶ ಹಿತ್ತಾಳೆಯನ್ನು ತಿನ್ನುವುದೂ ಉಂಟಂತೆ.

ಮತ್ತೆ ಕಾರಿನಡಿ ತೆವಳಿ ಎಲ್ಲ ಇಳಿಸಿದೆ. ಎರಡು ಲೀಟರು. ಅಡಿಯ ಬಿರಡೆ ಬಿಚ್ಚಿದಾಗ ಅದರ ಅಯಸ್ಕಾಂತಕ್ಕೆ ಬೂದುಬಣ್ಣದ ನುಣ್ಣನೆ ಹುಡಿ ಮೀಸೆಯ ಹಾಗೆ ಅಂಟಿತ್ತು, ಅದು ಉಕ್ಕು. ಬೋಗುಣಿಯಲ್ಲಿ ಬಿದ್ದ ಎಣ್ಣೆಯನ್ನು ಬಿಸಿಲಿಗೆ ಓರೆ ಮಾಡಿದರೆ ಬಂಗಾರದ ಮಿನುಗು, ಅದು ಉಂಗುರದ್ದು. ನೋಡಲು ಚಂದವಿತ್ತು, ಸವೆದ ಮಾಲು ನನ್ನದೇ ಅಂತ ನೆನಪಾಗುವವರೆಗೆ. ಇನ್ನು ವಾಸನೆ! ಕೊಳೆತ ಮೊಟ್ಟೆಗೂ ಸುಟ್ಟ ಟಯರಿಗೂ ಸಂಬಂಧ ಬೆಳೆಸಿದ ಹಾಗೆ. ಅಂಗಿ ಎರಡು ಸಲ ಒಗೆದರೂ ಹೋಗಲಿಲ್ಲ. "ಇದನ್ನು ಹಾಕ್ಕೊಂಡು ಒಳಗೆ ಬರುದಾದ್ರೆ ನೀವು ಕಾರಲ್ಲೇ ಮಲಗಿ," ಅಂದಳು ನನ್ನ ಹೆಂಡತಿ.

ಸರಿಯಾದ ಎಣ್ಣೆ ಹಾಕಿದ ಮೇಲೆ ಹಟ ಅರ್ಧಕ್ಕಿಳಿಯಿತು. ಡಬ್ಬದ ಮೇಲೆ 75ಡಬ್ಲ್ಯು-90. ಮೊದಲ ಅಂಕಿ ಚಳಿಯ ಲೆಕ್ಕ: ಸೊನ್ನೆಗಿಂತ 40 ಡಿಗ್ರಿ ಕೆಳಗೆ ಹೋದರೂ ಇಂತಿಷ್ಟಕ್ಕಿಂತ ಗಟ್ಟಿಯಾಗಬಾರದು ಅಂತ. 80ಡಬ್ಲ್ಯು ಆಗಿದ್ದರೆ ಆ ಪರೀಕ್ಷೆ 26 ಡಿಗ್ರಿ ಕೆಳಗಿನವರೆಗೆ ಮಾತ್ರ. ಉಳಿದ ಅರ್ಧ ಹಟಕ್ಕೆ ಔಷಧಿ ಇಲ್ಲ. ಅದು ಅದರ ಸ್ವಭಾವ.

ನಿಂತಲ್ಲೇ ಬಿಸಿ ಮಾಡಿದರಾಯಿತಲ್ಲ ಅನ್ನುವವರಿದ್ದಾರೆ. ನಮ್ಮ ಪಕ್ಕದ ಮನೆಯವರು ಹಾಸಿಗೆಯಿಂದಲೇ ರಿಮೋಟ್ ಒತ್ತಿ ತಮ್ಮ ಪಿಕಪ್ಪನ್ನು ಹದಿನೈದು ನಿಮಿಷ ಗುರುಗುಟ್ಟಿಸುತ್ತಾರೆ. ಸೀಟು ಬಿಸಿಯಾಗುತ್ತದೆ, ಗಾಜಿನ ಮೇಲಿನ ಮಂಜು ಕರಗುತ್ತದೆ, ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಏಳುತ್ತದೆ. ಗೇರುಪೆಟ್ಟಿಗೆಗೆ ಇದಾವುದರ ಸುದ್ದಿಯೂ ಸರಿಯಾಗಿ ಮುಟ್ಟುವುದಿಲ್ಲ. ಅದರೊಳಗೆ ಬೆಂಕಿ ಇಲ್ಲ. ಹಲ್ಲುಗಳು ಭಾರ ಹೊತ್ತು ಎಣ್ಣೆ ಕಡೆದು ಕಡೆದು ಹುಟ್ಟಿಸಿಕೊಂಡ ಶಾಖವೇ ಅದಕ್ಕೆ ಮುಖ್ಯ. ಅಡುಗೆಮನೆಯಲ್ಲಿ ಒಲೆ ಉರಿದರೆ ಕೊಟ್ಟಿಗೆಯ ದನಕ್ಕೆ ಚಳಿ ಬಿಡುತ್ತದೆಯೆ? ನನ್ನ ಕಾರಿನ ಮುಳ್ಳು ಎಂಟೇ ನಿಮಿಷಕ್ಕೆ ನಡುವಿಗೆ ಬಂದು, ಎಲ್ಲ ಸರಿಯಾಗಿದೆ ಅನ್ನುತ್ತದೆ. ಅದನ್ನು ನಂಬಿ ಕೋಲು ಎಳೆದರೆ ಕರ್ರ್. ಪೆಟ್ಟಿಗೆಗೊಂದು ಬೇರೆ ಮುಳ್ಳು ಕೊಟ್ಟಿಲ್ಲ. ಅದರ ಸ್ಥಿತಿ ಏನಿದ್ದರೂ ಅಂಗೈಗೇ ತಿಳಿಯಬೇಕು.

ಕಳೆದ ವರ್ಷ ಅಪ್ಪ ಅಮ್ಮ ಬಂದಿದ್ದರು. ಎರಡೇ ಸೀಟಾದ್ದರಿಂದ ಅಮ್ಮನಿಗೆ ಈ ಕಾರಿನ ಮೇಲೆ ಕೋಪ. ಅಪ್ಪ ಮಾತ್ರ ಮಫ್ಲರ್ ಸುತ್ತಿಕೊಂಡು ಬೆಳಿಗ್ಗೆಯೇ ತಯಾರು. ಅವರು ತೋಟದ ಅಡಿಕೆಯನ್ನು ಪೇಟೆಗೆ ಸಾಗಿಸುತ್ತಿದ್ದದ್ದು ಹಳೆಯ ಜೀಪಿನಲ್ಲಿ. ಅದರ ಒಂದನೇ ಗೇರಿಗೆ ಸಿಂಕ್ರೊವೇ ಇರಲಿಲ್ಲ. ಏರು ದಾರಿಯಲ್ಲಿ ಎರಡರಿಂದ ಒಂದಕ್ಕೆ ಇಳಿಸುವಾಗ ಅವರ ಎಡಗಾಲು ಎರಡು ಸಲ ಏರಿಳಿಯುವುದನ್ನು ನಾನು ಹಿಂದಿನ ಸೀಟಿನ ಗೋಣಿಚೀಲಗಳ ಮೇಲೆ ಕೂತು ನೋಡುತ್ತಿದ್ದೆ. ಅದು ಕಾಲು ನೋವಿನ ಅಭ್ಯಾಸ ಅಂತಲೇ ನನ್ನ ತಿಳುವಳಿಕೆ.

ಆ ದಿನವೂ ಕಾರು ರಸ್ತೆಗಿಳಿದು ಕರ್ರ್ ಅಂದಿತು. ಅಪ್ಪ ಹೊರಗೆ ನೋಡುತ್ತಲೇ, "ಎಂತ ಗಡಿಬಿಡಿ ಮಾರಾಯ ನಿಂಗೆ?" ಅಂದರು.

"ಚಳಿಗೆ ಬೀಳುದಿಲ್ಲ ಅಪ್ಪ."

"ಬೀಳ್ತದೆ. ಕ್ಲಚ್ ತುಳಿ. ನ್ಯೂಟ್ರಲ್‌ಗೆ ತಾ. ಈಗ ಕ್ಲಚ್ ಬಿಡು. ಬಿಡು ಅಂದೆ. ಮತ್ತೊಮ್ಮೆ ತುಳಿ." ಕೋಲಿನ ಮೇಲಿದ್ದ ನನ್ನ ಕೈ ಮೇಲೆ ತಮ್ಮ ಕೈ ಇಟ್ಟರು. ಒರಟು ಅಂಗೈ, ಮಂಜಿನಷ್ಟು ತಣ್ಣಗೆ. ಎಳೆಯಲಿಲ್ಲ, ಭಾರ ಮಾತ್ರ ಬಿಟ್ಟರು. ಎರಡನೇ ಗೇರು ಟಕ್ ಅಂತ ಕೂತಿತು.

ನಡುವೆ ಒಮ್ಮೆ ಕ್ಲಚ್ ಬಿಟ್ಟರೆ ಇಳಿಯುತ್ತಿರುವ ಎಂಜಿನ್ನೇ ಒಳಗಿನ ದಂಡವನ್ನು ತನ್ನ ವೇಗಕ್ಕೆ ತರುತ್ತದೆ, ಉಂಗುರಕ್ಕೆ ಕೆಲಸವೇ ಉಳಿಯುವುದಿಲ್ಲ ಅಂತ ನಾನು ವಿವರಿಸಲು ಹೊರಟೆ. ಅಪ್ಪನಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ಇಲ್ಲಿಯವರು ಎಲೆ ಗುಡಿಸಿ ಚೀಲ ತುಂಬಿ ರಸ್ತೆ ಬದಿಗಿಡುವುದನ್ನು ನೋಡಿ, "ಒಳ್ಳೇ ಸೊಪ್ಪು, ತೋಟಕ್ಕೆ ಹಾಕಬಹುದಿತ್ತು," ಅಂತ ಮರುಗುತ್ತಿದ್ದರು.

ಮೊದಲ ಹಿಮ ಬಿತ್ತು ಅಂದರೆ ಕಾರು ಗ್ಯಾರೇಜಿನೊಳಗೆ. ಇಲ್ಲಿಯ ರಸ್ತೆಗಳಿಗೆ ಆಗ ಉಪ್ಪು ಸುರಿಯುತ್ತಾರೆ. ಡೆಟ್ರಾಯಿಟ್ ನಗರದ ಅಡಿಯಲ್ಲೇ, ಸಾವಿರ ಅಡಿಗೂ ಆಳದಲ್ಲಿ, ಉಪ್ಪಿನ ಗಣಿ ಇದೆ, ಕೊರತೆ ಇಲ್ಲ. ಉಪ್ಪು ತಿಂದವನು ನೀರು ಕುಡಿಯಬೇಕು, ಉಪ್ಪು ತಿಂದ ಕಾರು ತುಕ್ಕು ಹಿಡಿಯಬೇಕು. ಹಾಗಾಗಿ ಹೊದಿಕೆ ಹಾಕಿ, ಬ್ಯಾಟರಿ ಬಿಚ್ಚಿ, ಏಪ್ರಿಲ್‌ವರೆಗೆ ರಜೆ. ಆ ನಾಲ್ಕೈದು ತಿಂಗಳು ಆಫೀಸಿಗೆ ಹೋಗುವುದು ಹೆಂಡತಿಯ ಆಟೊಮ್ಯಾಟಿಕ್ಕಿನಲ್ಲಿ. ಕೆಂಪು ದೀಪದಲ್ಲಿ ನಿಂತಾಗ ನನ್ನ ಎಡಗಾಲು ಇಲ್ಲದ ಕ್ಲಚ್ಚನ್ನು ಎರಡೆರಡು ಸಲ ತುಳಿಯುತ್ತದೆ.

ಅಪ್ಪ ಊರಿಂದ ಭಾನುವಾರ ಫೋನು ಮಾಡುತ್ತಾರೆ. ಮೊದಲೆಲ್ಲ ಊಟ ಆಯಿತಾ, ಚಳಿ ಎಷ್ಟುಂಟು ಅಂತ ಕೇಳುತ್ತಿದ್ದರು.

"ಎರಡನೇ ಗೇರು ಬೀಳ್ತದಾ?"

"ಕಾರು ಹೊರಗೆ ತೆಗೀಲಿಲ್ಲ ಅಪ್ಪ. ಎರಡಡಿ ಹಿಮ ಉಂಟು."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಹಿಂದೆ ಎಲ್ಲೋ ಅಡಿಕೆ ಸುಲಿಯುವ ಸದ್ದು.

"ಹಾಗಾದ್ರೆ ಈಗ ಬೀಳ್ಲಿಕ್ಕಿಲ್ಲ," ಅಂದು ಫೋನನ್ನು ಅಮ್ಮನ ಕೈಗೆ ಕೊಟ್ಟರು.