ಅಳಿವೆಯ ಗಾಳಿಯೂ ಭಾವನವರ ಟೊಪ್ಪಿಯೂ

ಜನವರಿಯ ಬೆಳಗ್ಗೆ ಘಟ್ಟದ ಕಡೆಯಿಂದ ಒಣಗಾಳಿ ಬೀಸತೊಡಗಿದರೆ ಉಡುಪಿಯ ಸಭ್ಯ ಗೃಹಸ್ಥರು ಹೊದಿಕೆಯನ್ನು ಇನ್ನಷ್ಟು ಮೇಲಕ್ಕೆಳೆದುಕೊಳ್ಳುತ್ತಾರೆ. ಹಕ್ಕಿ ನೋಡುವ ಹುಚ್ಚು ಹಿಡಿದವರಿಗೆ ಆ ಭಾಗ್ಯವಿಲ್ಲ. ನಮ್ಮ ಭಾವನವರಿಗೆ ಹಕ್ಕಿಯ ಹುಚ್ಚಿಲ್ಲದಿದ್ದರೂ, ಹೊಸ ಟೊಪ್ಪಿಯೊಂದನ್ನು ಕೊಂಡಿದ್ದ ಕಾರಣ ಅದನ್ನು ಧರಿಸಿ ಎಲ್ಲಿಗಾದರೂ ಹೋಗಲೇಬೇಕಿತ್ತು.

ಸ್ವರ್ಣಾ, ಸೀತಾ ನದಿಗಳು ಕಡಲು ಸೇರುವ ಕೋಡಿ ಬೇಂಗ್ರೆಯ ಅಳಿವೆಯ ಬಳಿ, ನೀರಂಚಿನ ಮರಳಿನ ಮೇಲೆ ಕಡಲಕ್ಕಿಗಳ ದೊಡ್ಡ ಹಿಂಡೇ ಕುಳಿತಿತ್ತು. ಗಾಳಿಗೆ ಬೆನ್ನು ಕೊಟ್ಟರೆ ಗರಿಗಳು ಕೆದರಿ ಮೈಗೆ ಚಳಿ ಹೊಗುತ್ತದೆಯಾದ್ದರಿಂದ ಈ ಹಕ್ಕಿಗಳು ಗಾಳಿಗೆ ಮುಖವೊಡ್ಡಿಯೇ ಕೂರುತ್ತವೆ. ಅಂದಿನ ಗಾಳಿ ನಮ್ಮ ಬೆನ್ನ ಹಿಂದಿನಿಂದ ಬರುತ್ತಿದ್ದುದರಿಂದ ಅಷ್ಟೂ ಹಕ್ಕಿಗಳು, ಮದುವೆಯಲ್ಲಿ ಊಟದ ಹಾಲಿನ ಬಾಗಿಲನ್ನೇ ನೋಡುವ ನೆಂಟರಂತೆ, ನಮ್ಮನ್ನು ದಿಟ್ಟಿಸುತ್ತಿದ್ದವು. ಎದೆ ಕಾಣುತ್ತದೆ, ಕೊಕ್ಕು ಕಾಣುತ್ತದೆ, ಬೇಕಾದ ರೆಕ್ಕೆ ಮಾತ್ರ ಕಾಣುವುದಿಲ್ಲ. ಕಂದುತಲೆಯ ಕಡಲಕ್ಕಿಗೂ ಕಪ್ಪುತಲೆಯದಕ್ಕೂ ಮರಿ ಮಾಡುವ ಕಾಲದಲ್ಲಿ ತಲೆಗೇರುವ ಬಣ್ಣ ಚಳಿಗಾಲದಲ್ಲಿ ಮಾಸಿಹೋಗಿ, ಕಣ್ಣಿನ ಹಿಂದೆ ಒಂದು ಕಪ್ಪು ಮಚ್ಚೆಯಷ್ಟೇ ಉಳಿದಿರುತ್ತದೆ. ಆಗ ನಂಬಬೇಕಾದದ್ದು ರೆಕ್ಕೆಯನ್ನು: ಕಂದುತಲೆಯದರ ಕಪ್ಪು ತುದಿಯಲ್ಲಿ ಬಿಳಿಯ ಮಚ್ಚೆಗಳಿದ್ದರೆ, ಕಪ್ಪುತಲೆಯದರ ರೆಕ್ಕೆಯ ಮುಂದಿನ ಅಂಚೇ ಬೆಳ್ಳಗಿರುತ್ತದೆ. ಅದನ್ನು ನೋಡಬೇಕಾದರೆ ಹಕ್ಕಿ ಹಾರಬೇಕು, ನಾವಾಗಿ ಹಾರಿಸುವುದು ಮರ್ಯಾದೆಯಲ್ಲ. ಟಿಬೆಟಿನ ಸರೋವರಗಳಿಂದ ಹಿಮಾಲಯ ದಾಟಿ ಬಂದ ಅತಿಥಿಗಳನ್ನು ಎಬ್ಬಿಸುವುದುಂಟೇ!

ದುರ್ಬೀನು ಹಿಡಿದ ಕೈ ಗಾಳಿಗೆ ನಡುಗುತ್ತಿತ್ತು. ಪಕ್ಕದಲ್ಲಿ ಮೀನು ಒಣಹಾಕುತ್ತಿದ್ದ ಹೆಂಗಸೊಬ್ಬರು, "ಎಂತ ಮಾರಾಯ್ರೆ, ಈ ಕಳ್ಳ ಹಕ್ಕಿಗಳನ್ನು ನೋಡ್ಲಿಕ್ಕೆ ಇಷ್ಟು ದೂರ ಬಂದದ್ದಾ?" ಎಂದು ಕೇಳಿದರು. ಅವರ ಮೀನಿನ ಪಾಲಿಗೆ ಅದು ನ್ಯಾಯವಾದ ಪ್ರಶ್ನೆಯೇ.

ಉತ್ತರ ಹೇಳಲೆಂದು ಭಾವನವರು ತಿರುಗುವಷ್ಟರಲ್ಲಿ ಗಾಳಿ ಟೊಪ್ಪಿಯನ್ನು ಎತ್ತಿತು. ಅದು ಮರಳಿನ ಮೇಲೆ ಉರುಳುರುಳುತ್ತ ಹೋಗಿ ಹಿಂಡಿನ ನಡುವೆ ಬಿದ್ದದ್ದೇ ತಡ, ಹಕ್ಕಿಗಳೆಲ್ಲ ಒಮ್ಮೆಲೇ ಎದ್ದು, ಗಾಳಿಗೆದುರಾಗಿ, ಅಂದರೆ ನೇರವಾಗಿ ನಮ್ಮ ತಲೆಯ ಮೇಲೆಯೇ, ರೆಕ್ಕೆ ಬಿಚ್ಚಿ ಹಾರಿದವು. ಕಪ್ಪು ತುದಿಗಳೂ ಬಿಳಿಯ ಮಚ್ಚೆಗಳೂ ಅಚ್ಚಿನಲ್ಲಿ ಒತ್ತಿದಷ್ಟು ಸ್ಪಷ್ಟವಾಗಿ ಕಂಡವು. ನಡುವೆ ಬಿಳಿಯ ಅಂಚಿನದೂ ಒಂದು ಸಿಕ್ಕಿತು. ಹಕ್ಕಿಶಾಸ್ತ್ರಕ್ಕೆ ಇಷ್ಟು ನೆರವಾದ ಟೊಪ್ಪಿ ಆ ವೇಳೆಗೆ ಕಡಲಿಗಿಳಿದಿತ್ತು.

ಭಾವನವರನ್ನು ಸಮಾಧಾನಪಡಿಸುವ ಭರದಲ್ಲಿ ನಾನು, ನೆಲ ಕಾದ ಮೇಲೆ ಮಧ್ಯಾಹ್ನದ ಹೊತ್ತಿಗೆ ಗಾಳಿ ತಿರುಗಿ ಕಡಲಿನಿಂದ ದಡಕ್ಕೆ ಬೀಸುತ್ತದೆಂದು ವಿವರಿಸಿದೆ. ಅವರು ಅದನ್ನು ಬಹಳ ಗಮನವಿಟ್ಟು ಕೇಳಿ, ಮಗುಚಿ ಹಾಕಿದ್ದ ದೋಣಿಯೊಂದರ ನೆರಳಿನಲ್ಲಿ ಕುಳಿತು, "ಹಾಗಾದರೆ ಮಧ್ಯಾಹ್ನದವರೆಗೆ ಕಾಯುವ, ಟೊಪ್ಪಿ ಬರ್ತದೆ" ಎಂದರು.