ಇರಲಿ ಬಿಡು, ಮುಂದೆ ಬೇಕಾಗಬಹುದು

ನನ್ನ ಮೇಜಿನ ಖಾನೆಯಲ್ಲಿ ಏಳು ಕೀಲಿಕೈಗಳಿವೆ. ಅವುಗಳ ಬೀಗ ಎಲ್ಲಿವೆಯೋ ದೇವರಿಗೇ ಗೊತ್ತು. ಎಸೆಯೋಣ ಎಂದು ಕೈಗೆತ್ತಿಕೊಂಡಾಗಲೆಲ್ಲ ಒಳಗಿನಿಂದ ಒಂದು ದನಿ ಬರುತ್ತದೆ: 'ಇರಲಿ ಬಿಡು, ಮುಂದೆ ಬೇಕಾಗಬಹುದು.' ಕೀಲಿಕೈ ಮತ್ತೆ ಖಾನೆಗೇ ಹೋಗುತ್ತದೆ. ಇದು ನನ್ನಂಥವರ ರೋಗ ಎಂದುಕೊಂಡಿದ್ದೆ. ಅಮೆರಿಕದ ನೌಕಾಪಡೆಗೂ ಇದೇ ರೋಗ ಎಂದು ಗೊತ್ತಾದ ದಿನ ಎಷ್ಟು ಸಮಾಧಾನವಾಯಿತು ಅಂತೀರಿ! ಅವರ ಖಾನೆಯಲ್ಲಿರುವುದು ಮಾತ್ರ ಕೀಲಿಕೈ ಅಲ್ಲ, ಒಂದೊಂದೂ 270 ಮೀಟರ್ ಉದ್ದದ ಯುದ್ಧನೌಕೆ.

ಅಯೋವಾ, ನ್ಯೂಜೆರ್ಸಿ, ಮಿಸೌರಿ, ವಿಸ್ಕಾನ್ಸಿನ್. 1943-44ರಲ್ಲಿ ಕೆಲಸಕ್ಕೆ ಸೇರಿದ ನಾಲ್ಕು ಬ್ಯಾಟಲ್‌ಶಿಪ್‌ಗಳು, ಅಂದರೆ ಭಾರಿ ತೋಪುಗಳ ದೊಡ್ಡ ಯುದ್ಧನೌಕೆಗಳು. ಈಗ ನಾಲ್ಕೂ ಮ್ಯೂಸಿಯಂ ಆಗಿವೆ. ಒಂದು ಲಾಸ್ ಏಂಜಲೀಸಿನಲ್ಲಿ, ಒಂದು ಕ್ಯಾಮ್ಡೆನ್‌ನಲ್ಲಿ, ಒಂದು ಪರ್ಲ್ ಹಾರ್ಬರಿನಲ್ಲಿ, ಇನ್ನೊಂದು ನಾರ್ಫೋಕ್‌ನಲ್ಲಿ. ಟಿಕೆಟ್ ತಗೊಂಡು ಹತ್ತಬಹುದು, ತೋಪಿನ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳಬಹುದು. ಆದರೆ ಎಲ್ಲಾದರೂ ಯುದ್ಧದ ಸುದ್ದಿ ಬಂದರೆ ಸಾಕು, ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ಅಷ್ಟು ದೊಡ್ಡ ಹಡಗುಗಳು ಸುಮ್ನೆ ನಿಂತಿವೆಯಲ್ಲ, ಮತ್ತೆ ಕೆಲಸಕ್ಕೆ ಕರೆಯಬಾರದಾ?

ಹುಚ್ಚು ಪ್ರಶ್ನೆ ಎಂದು ತಳ್ಳಿಹಾಕುವ ಹಾಗಿಲ್ಲ. ನ್ಯೂಜೆರ್ಸಿಯ ಸೇವಾ ಪುಸ್ತಕವನ್ನೇ ನೋಡಿ. 1943ರಲ್ಲಿ ಸೇರಿತು, 1948ರಲ್ಲಿ ರಿಟೈರ್. ಕೊರಿಯಾ ಯುದ್ಧ ಬಂತು, 1950ರಲ್ಲಿ ವಾಪಸ್ ಕರೆದರು. 1957ರಲ್ಲಿ ಮತ್ತೆ ರಿಟೈರ್. ವಿಯೆಟ್ನಾಂಗೆಂದು 1968ರಲ್ಲಿ ಕರೆದರು, ಮರುವರ್ಷವೇ ಕಳಿಸಿದರು. 1982ರಲ್ಲಿ ರೇಗನ್ ಕಾಲದಲ್ಲಿ ಮತ್ತೊಮ್ಮೆ ಕರೆ. 1991ರಲ್ಲಿ ಮತ್ತೊಮ್ಮೆ ಬೀಳ್ಕೊಡುಗೆ. ನಾಲ್ಕು ಸಲ ರಿಟೈರ್ ಆದವರನ್ನು ನೀವು ನೋಡಿದ್ದೀರಾ? ಮೂರನೇ ಬೀಳ್ಕೊಡುಗೆಯ ಹೊತ್ತಿಗೆ ಭಾಷಣ ಮಾಡುವವರಿಗೆ ಹೊಸ ಮಾತೇ ಸಿಕ್ಕಿರಲಿಕ್ಕಿಲ್ಲ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಆಗೆಲ್ಲ ಅದನ್ನು ಕರೆದದ್ದು ಮ್ಯೂಸಿಯಂನಿಂದ ಅಲ್ಲ, ನುಸಿಗುಳಿಗೆಯಿಂದ. ನೌಕಾಪಡೆಯವರು ಹಡಗನ್ನು ಎತ್ತಿಡುವುದಕ್ಕೆ 'ಮಾತ್‌ಬಾಲ್' ಎಂದೇ ಹೇಳುತ್ತಾರೆ. ಒಳ್ಳೆಯ ಬಟ್ಟೆಯ ಮಡಿಕೆಗಳ ನಡುವೆ ನುಸಿಗುಳಿಗೆ ಹಾಕಿ ಪೆಟ್ಟಿಗೆಯಲ್ಲಿ ಇಡುತ್ತೇವಲ್ಲ, ಹಾಗೆ. ಸಂದುಗೊಂದುಗಳನ್ನೆಲ್ಲ ಮುಚ್ಚಿ, ಒಳಗಿನ ತೇವ ಹೀರುವ ಯಂತ್ರ ಹಚ್ಚಿ, ಒಣಗಾಳಿಯಲ್ಲಿ ಮಲಗಿಸುವುದು. ಪೆಟ್ಟಿಗೆಯ ಬಟ್ಟೆಯನ್ನು ಕೊಡವಿ ಉಟ್ಟುಕೊಳ್ಳಬಹುದು. ಆದರೆ ಗಾಜಿನ ಕಪಾಟಿನಲ್ಲಿ ಪ್ರದರ್ಶನಕ್ಕಿಟ್ಟ ಬಟ್ಟೆಯನ್ನು?

ಮಿಸೌರಿ ಇವೆರಡರ ನಡುವೆ ಇತ್ತು. 1945ರ ಸೆಪ್ಟೆಂಬರ್ 2ರಂದು ಜಪಾನ್ ಶರಣಾಗತಿಗೆ ಸಹಿ ಹಾಕಿದ್ದು ಅದರ ಮೇಲೆ. 1955ರಿಂದ ಬ್ರೆಮರ್ಟನ್ ಬಂದರಿನಲ್ಲಿ ನಿದ್ದೆ ಮಾಡುತ್ತಿದ್ದಾಗಲೂ ಜನ ಹತ್ತಿ, ಆ ಜಾಗದ ಫಲಕ ನೋಡಿ ಇಳಿಯುತ್ತಿದ್ದರು. ಒಳಗೆ ಬಿಡುತ್ತಿರಲಿಲ್ಲ, ಮೇಲಷ್ಟೇ. ಮೂವತ್ತು ವರ್ಷ ಹೀಗೆ ಪ್ರವಾಸಿಗರಿಗೆ ದರ್ಶನ ಕೊಟ್ಟ ಹಡಗು 1986ರಲ್ಲಿ ಎದ್ದು ಕೆಲಸಕ್ಕೆ ಹೋಯಿತು. 1991ರ ಕೊಲ್ಲಿ ಯುದ್ಧದಲ್ಲಿ ಕ್ಷಿಪಣಿಯನ್ನೂ ಹಾರಿಸಿತು.

ನಿಜವಾದ ಮ್ಯೂಸಿಯಂ ಹಡಗುಗಳಿಗೂ ಆ ಸಲ ಕರೆ ಬಂದಿತ್ತು. ಇಡೀ ದೇಹಕ್ಕಲ್ಲ, ಅಂಗಾಂಗಕ್ಕೆ. ಅಲಬಾಮಾ, ಮ್ಯಾಸಚೂಸೆಟ್ಸ್, ನಾರ್ತ್ ಕೆರೋಲಿನಾ ಎಂಬ ಮೂರು ಹಳೆಯ ಬ್ಯಾಟಲ್‌ಶಿಪ್‌ಗಳು 1960ರ ದಶಕದಲ್ಲೇ ಮ್ಯೂಸಿಯಂ ಆಗಿದ್ದವು. ಗುಜರಿಗೆ ಹೋಗದಂತೆ ಅವನ್ನು ಉಳಿಸಲು ಶಾಲೆಯ ಮಕ್ಕಳೂ ಚಿಲ್ಲರೆ ಕಾಸು ಕೂಡಿಸಿದ್ದರು. 1980ರ ದಶಕದಲ್ಲಿ ಅಯೋವಾ ಮತ್ತು ಅದರ ಮೂರು ಜೊತೆಗಾರ ಹಡಗುಗಳನ್ನು ಎಬ್ಬಿಸುವಾಗ ಬಿಡಿಭಾಗ ಸಿಗಲಿಲ್ಲ. ತಯಾರಿಸುತ್ತಿದ್ದ ಕಾರ್ಖಾನೆಗಳು ಎಂದೋ ಕೈಬಿಟ್ಟಿದ್ದವು. ಸರಿ, ನೌಕಾಪಡೆಯವರು ಸ್ಪ್ಯಾನರ್ ಹಿಡಿದು ಮ್ಯೂಸಿಯಂಗಳ ಬಾಗಿಲು ತಟ್ಟಿದರು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅಂತಾರಲ್ಲ, ಇಲ್ಲಿ ಕೊಟ್ಟವರೇ ಈರಭದ್ರರಾಗಿ ವಾಪಸ್ ಬಂದರು. ಪ್ರವಾಸಿಗರು ಕಾಲಿಡದ ಎಂಜಿನ್ ಕೋಣೆಗಳಿಂದ ಬೇಕಾದ್ದನ್ನು ಬಿಚ್ಚಿಕೊಂಡು ಹೋದರು. ಮೇಲೆ ನಿಂತು ಫೋಟೋ ತೆಗೆಸಿಕೊಂಡವರಿಗೆ ಏನೂ ಗೊತ್ತಾಗಿರಲಿಕ್ಕಿಲ್ಲ.

ಈ 'ಇರಲಿ ಬಿಡು' ಕೊನೆಗೆ ಕಾನೂನಿನ ಪುಸ್ತಕಕ್ಕೂ ಹತ್ತಿತು. 1995ರಲ್ಲಿ ನಾಲ್ಕನ್ನೂ ನೌಕಾಪಡೆ ತನ್ನ ಪಟ್ಟಿಯಿಂದ ಹೊಡೆದುಹಾಕಿತ್ತು. ಎರಡನ್ನಾದರೂ ಇಟ್ಟುಕೊಳ್ಳಿ ಎಂದು ಅಲ್ಲಿನ ಸಂಸತ್ತು ಹಟ ಹಿಡಿಯಿತು. ಯಾವ ಎರಡು ಎಂಬ ಕಥೆಯೇ ಒಂದು ತಮಾಷೆ. ಮೊದಲು ಆರಿಸಿದ್ದು ವಿಸ್ಕಾನ್ಸಿನ್ ಮತ್ತು ನ್ಯೂಜೆರ್ಸಿಯನ್ನು. ಆಮೇಲೆ ನೋಡಿದರೆ ನ್ಯೂಜೆರ್ಸಿಯ ತೋಪುಗಳನ್ನು ತಿರುಗಿಸುವ ಯಂತ್ರಕ್ಕೆ ಬೆಸುಗೆ ಹಾಕಿಬಿಟ್ಟಿದ್ದಾರೆ! ಅದರ ಬದಲು ಅಯೋವಾ ಪಟ್ಟಿಗೆ ಬಂತು. ಅದಕ್ಕೋ, ತೋಪುಗಳನ್ನು ಕೂರಿಸಿದ ಒಂದು ಗೋಪುರವೇ ಸ್ಫೋಟದಲ್ಲಿ ಹಾಳಾಗಿ ರಿಪೇರಿ ಆಗದೆ ಉಳಿದಿತ್ತು. 2006ರಲ್ಲಿ ಆ ಎರಡನ್ನೂ ಮ್ಯೂಸಿಯಂಗೆ ಬಿಟ್ಟುಕೊಡಬೇಕಾದಾಗ ಸಂಸತ್ತು ಷರತ್ತು ಹಾಕಿತು. ಯುದ್ಧಕ್ಕೆ ಕೆಲಸಕ್ಕೆ ಬಾರದ ಹಾಗೆ ಏನನ್ನೂ ಬದಲಿಸಬಾರದು. ತೇವ ತಗುಲಬಾರದು, ತುಕ್ಕು ಹಿಡಿಯಬಾರದು. ತೋಪಿನ ನಳಿಕೆ, ಗುಂಡುಗಳನ್ನು ಜೋಪಾನವಾಗಿ ಇಟ್ಟಿರಬೇಕು. ತುರ್ತು ಬಂದರೆ ಬೇಗ ಎಬ್ಬಿಸುವುದು ಹೇಗೆ ಎಂಬ ಯೋಜನೆಯೂ ತಯಾರಿರಬೇಕು. ಪಾತ್ರೆ ದಾನ ಕೊಟ್ಟು, 'ಅದರಲ್ಲಿ ಅಡುಗೆ ಮಾಡಬೇಡಿ, ನಾನು ಯಾವಾಗ ಬೇಕಾದರೂ ಕೇಳಬಹುದು' ಎನ್ನುವ ಹತ್ತಿರದ ನೆಂಟರು ನಿಮಗೂ ಇರಬಹುದು.

ಜಪಾನಿನ ಮಿಕಾಸಾದ ಕಥೆ ಇದಕ್ಕೆ ತದ್ವಿರುದ್ಧ. 1905ರಲ್ಲಿ ರಷ್ಯಾ ವಿರುದ್ಧ ನಡೆದ ತ್ಸುಶಿಮಾ ಕದನದಲ್ಲಿ ಮುಂದೆ ನಿಂತ ಹಡಗು ಅದು. ದೊಡ್ಡ ದೇಶಗಳು ಯುದ್ಧನೌಕೆ ಕಡಿಮೆ ಮಾಡಲು ಮಾಡಿಕೊಂಡ 1922ರ ವಾಷಿಂಗ್ಟನ್ ಒಪ್ಪಂದದ ಪ್ರಕಾರ ಒಡೆದುಹಾಕಬೇಕಿತ್ತು. ಸ್ಮಾರಕವಾಗಿ ಇಟ್ಟುಕೊಳ್ಳುತ್ತೇವೆ ಎಂದು ಜಪಾನ್ ಕೇಳಿಕೊಂಡಿತು. ಸರಿ, ಆದರೆ ಮತ್ತೆ ಎಂದೂ ತೇಲಬಾರದು ಎಂದರು ಉಳಿದವರು. ಅದಕ್ಕೇ ಯೊಕೊಸುಕಾದಲ್ಲಿ ಅದರ ತಳವನ್ನು ಕಾಂಕ್ರೀಟಿನಲ್ಲಿ ಹೂತಿದ್ದಾರೆ. ಸಮುದ್ರ ಪಕ್ಕದಲ್ಲೇ ಇದೆ, ಹಡಗು ಮಾತ್ರ ಕಟ್ಟಡ.

ಲಂಡನ್ನಿನ ಬೆಲ್‌ಫಾಸ್ಟ್ ಎಂಬ ಮ್ಯೂಸಿಯಂ ಹಡಗು ಮಾತ್ರ ಯಾವ ಚಿಂತೆಯೂ ಇಲ್ಲದೆ ಥೇಮ್ಸ್ ನದಿಯಲ್ಲಿ ತೇಲುತ್ತಿದೆ. ಅದರ ಮುಂದಿನ ತೋಪುಗಳು ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಹೆದ್ದಾರಿ ಬದಿಯ ತಂಗುದಾಣವೊಂದಕ್ಕೆ ಗುರಿಯಿಟ್ಟು ನಿಂತಿವೆ. ಅಲ್ಲಿ ಕಾಫಿ ಕುಡಿಯುವವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತೋ!

ವಿಷಯಕ್ಕೆ ಬರೋಣ. ಕರೆಯಬಹುದೇ? ಕಾಗದದ ಮೇಲೆ ಹೌದು. ಆದರೆ ಒಂದು ತೋಪನ್ನು ಹತ್ತಿರದಿಂದ ನೋಡಿ. ಮೊದಲು ಗುಂಡು. ದೊಡ್ಡದು 1,225 ಕಿಲೋ, ಅಂದರೆ ಒಂದು ಕಾರಿನ ತೂಕ. ಅದನ್ನು ನಳಿಕೆಯೊಳಗೆ ತಳ್ಳಿದ ಮೇಲೆ ಮದ್ದಿನ ಚೀಲಗಳು. ಒಂದೊಂದೂ ಐವತ್ತು ಕಿಲೋ, ಒಂದು ಸಲಕ್ಕೆ ಆರು. ಚೀಲ ಯಾವುದರದ್ದು ಗೊತ್ತೇ? ರೇಷ್ಮೆಯದ್ದು. ರೇಷ್ಮೆ ಪೂರ್ತಿ ಉರಿದುಹೋಗುತ್ತದೆ, ಕೆಂಡದ ಚೂರು ಉಳಿಸುವುದಿಲ್ಲ. ಕೆಂಡ ಉಳಿದರೆ ಮುಂದಿನ ಚೀಲ ಇಡುವವರ ಗತಿ ಮುಗಿಯಿತು. ಆರು ಚೀಲಗಳನ್ನು ಎಷ್ಟು ಮೆಲ್ಲಗೆ, ಎಲ್ಲಿಯವರೆಗೆ ತಳ್ಳಬೇಕು ಎಂಬುದು ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಪಕ್ಕದಲ್ಲಿ ನಿಂತ ಹಿರಿಯರು 'ಸಾಕು' ಎನ್ನಬೇಕು.

1989ರ ಏಪ್ರಿಲ್ 19ರಂದು ಅಯೋವಾದ ಗೋಪುರದಲ್ಲಿ ಚೀಲಗಳನ್ನು ತಳ್ಳುತ್ತಿದ್ದಾಗ ಮದ್ದು ಹೊತ್ತಿಕೊಂಡಿತು. 47 ಜನ ಹೋದರು. ಮದ್ದು ಅವರಿಗಿಂತ ಹಳೆಯದು. ಕಾರಣದ ಬಗ್ಗೆ ವಾದ ಇನ್ನೂ ಮುಗಿದಿಲ್ಲ. ಇದರ ಮುಂದೆ ತಮಾಷೆಗೆ ಜಾಗವಿಲ್ಲ.

ಇನ್ನು ಎಂಟು ಬಾಯ್ಲರ್‌ಗಳು. ಅಮೆರಿಕದ ಈಗಿನ ಬಹುತೇಕ ದೊಡ್ಡ ಯುದ್ಧನೌಕೆಗಳಲ್ಲಿ ಗ್ಯಾಸ್ ಟರ್ಬೈನ್ ಇಲ್ಲವೇ ಅಣುಶಕ್ತಿ. ಹಳೆಯ ಬಾಯ್ಲರಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದವರಿಗೆಲ್ಲ ವಯಸ್ಸಾಗಿದೆ. ಹಡಗು ನಡೆಸಲು ಒಂದೂವರೆ ಸಾವಿರಕ್ಕೂ ಜಾಸ್ತಿ ಜನ ಬೇಕು; ಅಷ್ಟು ಜನಕ್ಕೆ ನಾಲ್ಕೈದು ಹೊಸ ಡಿಸ್ಟ್ರಾಯರ್ ಓಡಿಸಬಹುದು. ತೋಪಿನ ಗುಂಡು ಹೋಗುವುದು 38 ಕಿಲೋಮೀಟರ್, ಎದುರಿನವರ ಕ್ಷಿಪಣಿ ನೂರಾರು ಕಿಲೋಮೀಟರ್. ಲೆಕ್ಕ ಹಾಕಲು ಪೆನ್ನೂ ಬೇಡ.

ನಾನು ಲೆಕ್ಕದ ಪಕ್ಷ. ಆದರೂ ಕರೆಯಿರಿ ಎನ್ನುವವರ ಮೇಲೆ ಸಿಟ್ಟು ಬರುವುದಿಲ್ಲ. ಅವರಿಗೆ ಬೇಕಿರುವುದು ಹಡಗಿನ ಸೇವೆ ಅಂತ ನನಗೆ ಅನಿಸಿಲ್ಲ. 'ಇನ್ನು ಎಂದಿಗೂ ಬೇಡ' ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಹೇಳಬಾರದು, ಅಷ್ಟೇ. ನನ್ನ ಏಳು ಕೀಲಿಕೈಗಳೂ ಕಾಯುತ್ತಿರುವುದು ಬೀಗಕ್ಕಲ್ಲ.

ಇಂಗ್ಲಿಷ್ ಮಾತಾಡುವವರು ಹಡಗನ್ನು ಹೆಣ್ಣು ಎನ್ನುತ್ತಾರೆ, ನಮಗೆ ಅದು 'ಅದು'. ಒಂದು ಕಡೆ ಮಾತ್ರ ನನಗೂ ಹೆಣ್ಣೆನ್ನುವ ಮನಸ್ಸಾಗಿದೆ. 2024ರ ಮಾರ್ಚ್‌ನಲ್ಲಿ ನ್ಯೂಜೆರ್ಸಿ ಕ್ಯಾಮ್ಡೆನ್‌ನ ಕಟ್ಟೆ ಬಿಟ್ಟು ಹೊರಟಳು. ಯುದ್ಧಕ್ಕಲ್ಲ, ಡೆಲವೇರ್ ನದಿಯ ಆಚೆ ದಡದ ಫಿಲಡೆಲ್ಫಿಯಾಕ್ಕೆ, ತಳ ರಿಪೇರಿಗೆ. ಅವಳನ್ನು ಕಟ್ಟಿ 1942ರಲ್ಲಿ ನೀರಿಗಿಳಿಸಿದ್ದು ಅಲ್ಲೇ. ತವರು ಎನ್ನದೆ ಇನ್ನೇನೆನ್ನಲಿ? ಒಂದು ಬಾಯ್ಲರೂ ಹೊತ್ತಲಿಲ್ಲ. ಟಗ್ ದೋಣಿಗಳು ಎಳೆದುಕೊಂಡು ಹೋದವು. ದಡದುದ್ದಕ್ಕೂ ಜನ ನಿಂತು ನೋಡಿದರು.

ಡ್ರೈ ಡಾಕ್‌ನಲ್ಲಿ ನೀರು ಖಾಲಿ ಮಾಡಿದ ಮೇಲೆ ಆಸಕ್ತರನ್ನು ಹಡಗಿನ ಕೆಳಗೂ ಬಿಟ್ಟರು. ಹೆಲ್ಮೆಟ್ ಹಾಕಿಕೊಂಡು, ತಲೆಯ ಮೇಲೆ ಅಷ್ಟು ಉಕ್ಕು ಇಟ್ಟುಕೊಂಡು ಓಡಾಡುವುದು! ತಳಕ್ಕೆ ಹೊಸ ಬಣ್ಣ ಬಳಿದರು. ಜೊತೆಗೆ ಉದ್ದಕ್ಕೂ ಲೋಹದ ಸಣ್ಣ ಸಣ್ಣ ತುಂಡುಗಳನ್ನು ಕೂರಿಸಿದರು. ನೀರಿಗೆ ಹಡಗಿನ ಉಕ್ಕಿಗಿಂತ ಈ ತುಂಡುಗಳು ಬೇಗ ತುತ್ತಾಗುತ್ತವೆ. ಅವು ಇರುವವರೆಗೆ ಉಕ್ಕಿಗೆ ತುಕ್ಕಿನ ಕಾಟ ಕಡಿಮೆ. ಜೂನ್‌ನಲ್ಲಿ ಟಗ್‌ಗಳೇ ವಾಪಸ್ ತಂದು ಕ್ಯಾಮ್ಡೆನ್‌ಗೆ ಕಟ್ಟಿದವು. ಮೇಲೆ ಜನ ಟಿಕೆಟ್ ತಗೊಂಡು ಹತ್ತಿ ಇಳಿಯುತ್ತಿದ್ದಾರೆ. ಕೆಳಗೆ, ನೀರಿನಲ್ಲಿ, ಆ ಸಣ್ಣ ತುಂಡುಗಳು ಅವಳ ಬದಲು ಸವೆಯುತ್ತಾ ಇವೆ.